ಹನ್ನೆರಡನೇ ನಂಬರಿನ ಬಿಲ್ಲೆ

ಪರಊರಿನಿಂದ ಬಂದವರಿಗೆ ನಮ್ಮ ಕಲಬುರಗಿಯಲ್ಲಿ ತಿರುಗಾಡಲು ಬೇಕಾದಷ್ಟು ಅನುಕೂಲಗಳಿದ್ದವು ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ರೈಲು ಸ್ಟೇಶನ್ನಿನ ಹೊರಗೆ ಟಾಂಗಾ ಇದ್ದವು, ಆಟೋ ಇದ್ದವು, ಸಿಟಿ ಬಸ್ಸು ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ಸರ್ಕಾರಿ ಗಾಡಿಗಳು, ಅದರ ಗೇಟಿನ ಹೊರಗೆ ಜೀಪು, ಟೆಂಪೋ. ಇದ್ದವು ನಿಜ. ಇದ್ದರೆ ಆಯಿತೇ? ಟಾಂಗಾದವನು ಐದು ಮಂದಿ ಕೂಡುವ ತನಕ ಕುದುರೆಗೆ ಹುಲ್ಲು ತಿನ್ನಿಸುತ್ತ ನಿಂತಿರುತ್ತಿದ್ದ. ಆಟೋದವನು ದರ್ಗಾಕ್ಕೆ ಹೋಗಬೇಕೆಂದವರನ್ನು ಅರ್ಧ ಊರು ಸುತ್ತಿಸಿ ಶರಣಬಸವೇಶ್ವರ ಗುಡಿಯ ಮುಂದೆ ಇಳಿಸಿ, ಇಲ್ಲಿಂದ ಹತ್ತಿರ, ನಡೆದುಹೋಗಿ ಎನ್ನುತ್ತಿದ್ದ. ಗಾಣಗಾಪುರದ ಗಾಡಿ ಎಷ್ಟು ಗಂಟೆಗೆ ಎಂದು ಕೇಳಿದರೆ ಬೀಡಿ ಸೇದುತ್ತ ನಿಂತವರು ‘ಬರ್ತದ’ ಎನ್ನುತ್ತಿದ್ದರು. ಬರುತ್ತದೆ ಎಂಬುದು ನಮಗೂ ಗೊತ್ತು. ಯಾವಾಗ ಎಂದು ಕೇಳಿದ್ದು.

ಗಾಡಿ ಬಂದ ಮೇಲೆ ಇನ್ನೊಂದು ಕಥೆ. ಅದು ನಿಲ್ಲುವ ಮೊದಲೇ ಗಂಡಸರು ಅದರ ಜೊತೆಗೆ ಓಡುತ್ತ ಕಿಟಕಿಯಿಂದ ಒಳಗೆ ಟವೆಲು ಎಸೆಯುತ್ತಿದ್ದರು. ಸೀಟಿನ ಮೇಲೆ ಟವೆಲು ಬಿತ್ತೆಂದರೆ ಸೀಟು ಅದರ ಒಡೆಯನದು. ಅವನು ಹೊರಗೆ ಚಹಾ ಕುಡಿದು, ಎಲೆ ಹಾಕಿಕೊಂಡು, ಗಾಡಿ ಬಿಡುವ ಹೊತ್ತಿಗೆ ನಿಧಾನವಾಗಿ ಬಂದು ಕೂಡುತ್ತಿದ್ದ. ಯಾರು ಎಷ್ಟೇ ಜಗಳಾಡಲಿ, ಆ ಬಟ್ಟೆಯನ್ನು ಎತ್ತಿ ಬದಿಗಿಡುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಅದು ನಮ್ಮ ಕಡೆಯ ಕಾನೂನು. ಕಂಡಕ್ಟರನೂ ಅದಕ್ಕೆ ತಲೆಬಾಗುತ್ತಿದ್ದ. ಕಂಕುಳಲ್ಲಿ ಕೂಸು, ಕೈಯಲ್ಲಿ ಗಂಟು ಇರುವ ಹೆಂಗಸು ಓಡುವ ಗಾಡಿಯ ಕಿಟಕಿಗೆ ಟವೆಲು ಎಸೆಯುವುದು ಹೇಗೆ ಎಂದು ಈ ಕಾನೂನು ಮಾಡಿದವರು ಒಂದು ದಿನವೂ ಯೋಚಿಸಿದಂತಿಲ್ಲ.

ನಾನು ಈ ಊರಿನ ಬ್ರಹ್ಮಪುರ ಓಣಿಯ ಇಂದೂಬಾಯಿ. ೧೯೮೪ರಲ್ಲಿ ಕಮಲಾಪುರದ ಹೆಣ್ಣುಮಕ್ಕಳ ಶಾಲೆಗೆ ನನ್ನ ವರ್ಗವಾಯಿತು. ಬೆಳಿಗ್ಗೆ ಎಂಟರ ಹುಮನಾಬಾದ ಗಾಡಿ, ಸಂಜೆ ಯಾವುದು ಸಿಕ್ಕರೆ ಅದು. ಹೀಗೆ ಹದಿನೆಂಟು ವರ್ಷ ಹೋಗಿ ಬಂದೆ. ಮೊದಲ ತಿಂಗಳಲ್ಲೇ ಎರಡು ಜೋಡಿ ಚಪ್ಪಲಿ ಹರಿದವು, ಒಂದು ಕೊಡೆ ಮುರಿಯಿತು. ಟೀಚರಮ್ಮ ಎಂದು ಯಾರೂ ದಾರಿ ಬಿಡಲಿಲ್ಲ. ಮಹಾಗಾಂವ ಕ್ರಾಸಿನವರೆಗೆ ಒಂಟಿ ಕಾಲಿನಲ್ಲಿ ನಿಂತು, ಯಾರದೋ ಕೋಳಿಯ ಬುಟ್ಟಿಗೆ ಸೀರೆ ಸಿಕ್ಕಿಸಿಕೊಂಡು, ಮನಸ್ಸಿನಲ್ಲಿ ಎಲ್ಲರನ್ನೂ ಬೈಯುತ್ತ ಹೋಗುವುದು ನನ್ನ ನಿತ್ಯದ ಪಾಠವಾಯಿತು.

ಆಗ ಕಣ್ಣಿಗೆ ಬಿದ್ದವಳು ಭಾಗಮ್ಮ. ಮೂವತ್ತು ದಾಟಿದ ವಯಸ್ಸು, ಎತ್ತರದ ಆಳು, ಕಚ್ಚೆ ಹಾಕಿ ಉಟ್ಟ ಇಳಕಲ್ ಸೀರೆ, ತಲೆಯ ಮೇಲೆ ಭಾರ ಹೊರಲು ಹಳೆಯ ಕೆಂಪು ಸೀರೆಯ ತುಂಡಿನಿಂದ ಸುತ್ತಿದ ಸಿಂಬಿ. ಬಸ್‌ಸ್ಟ್ಯಾಂಡಿನಲ್ಲಿ ಹನ್ನೊಂದು ಮಂದಿ ಹಮಾಲರಿದ್ದರು, ಎಲ್ಲರೂ ಗಂಡಸರು. ಅವರ ನಡುವೆ ಈಕೆಯೂ ಹೊರೆ ಹೊರುತ್ತಿದ್ದಳು. ಗಾಡಿ ಬಂತೆಂದರೆ ಗಂಡಸರ ಟವೆಲುಗಳ ನಡುವೆ ಕೆಂಪು ಸಿಂಬಿಯೊಂದು ಹಾರಿ ಕಿಟಕಿಯೊಳಗೆ ಬೀಳುತ್ತಿತ್ತು. ಗುರಿ ಒಂದು ದಿನವೂ ತಪ್ಪಿದ್ದನ್ನು ನಾನು ಕಾಣೆ. ಸಿಂಬಿ ಬಿದ್ದ ಸೀಟಿನಲ್ಲಿ ಬಾಣಂತಿ ಕೂಡುತ್ತಿದ್ದಳು, ಇಲ್ಲವೇ ದವಾಖಾನೆಯಿಂದ ಊರಿಗೆ ಹೊರಟ ರೋಗಿ, ಇಲ್ಲವೇ ಎಲ್ಲಿಂದಲೋ ಬಂದು ದಿಕ್ಕು ತಿಳಿಯದೆ ನಿಂತ ಮುದುಕಿ.

ಎರಡನೇ ವಾರ ನಾನೂ ಹೋಗಿ ಕೇಳಿದೆ, ದಿನಾ ಹೋಗುವವಳು, ನನಗೊಂದು ಸೀಟು ಹಿಡಿದು ಕೊಡು ಎಂದು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನಿಮಗ ಎರಡೂ ಕಾಲು ಗಟ್ಟಿ ಅದಾವಲ್ಲರೀ ಬಾಯಾರ. ನಿಂದ್ರರಿ.”

ನನಗೆ ಕೆಂಡದಂಥ ಕೋಪ ಬಂತು. ಹತ್ತು ದಿನ ಆಕೆಯ ಮುಖ ನೋಡಲಿಲ್ಲ. ಆದರೆ ಮರುವರ್ಷ ನಾನು ಏಳು ತಿಂಗಳ ಬಸುರಿಯಾಗಿ, ಸೆರಗು ಮುಂದೆ ಮಾಡಿಕೊಂಡು ಗೇಟಿನೊಳಗೆ ಬಂದ ದಿನ, ಕೇಳದೆಯೇ ಎಂಟರ ಗಾಡಿಯ ಮೂರನೇ ಸೀಟಿನ ಮೇಲೆ ಸಿಂಬಿ ಬಿದ್ದಿತ್ತು. ಹೆರಿಗೆಯ ರಜೆಗೆ ಹೋಗುವ ತನಕ ಒಂದು ದಿನ ತಪ್ಪಲಿಲ್ಲ. ರಜೆ ಮುಗಿಸಿ ಬಂದೆ, ಮತ್ತೆ ನಿಂತೆ. ಆಕೆಯ ನ್ಯಾಯ ಹಾಗಿತ್ತು, ಮತ್ತು ಅದು ಆ ಸ್ಟ್ಯಾಂಡಿನಲ್ಲಿದ್ದ ಒಂದೇ ನ್ಯಾಯ.

ಭಾಗಮ್ಮನ ಊರು ಮಹಾಗಾಂವ. ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡ ಸಾಯಬಣ್ಣ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸ ನೋಡಿಬರುತ್ತೇನೆ ಎಂದು ಹೋದ. ನೋಡುತ್ತಲೇ ಉಳಿದ. ಒಂದು ಕಾಗದ ಇಲ್ಲ, ಒಂದು ಸುದ್ದಿ ಇಲ್ಲ. ಮಕ್ಕಳಾಗಿರಲಿಲ್ಲ, ಅದೂ ಇವಳದೇ ತಪ್ಪೆಂದು ಓಣಿಯವರು ತೀರ್ಮಾನಿಸಿ ಮುಗಿಸಿದ್ದರು. ಈಕೆ ಬೋರೆ ಹಣ್ಣಿನ ಬುಟ್ಟಿ ಹೊತ್ತು ಕಲಬುರಗಿಗೆ ಬಂದಳು. ಬುಟ್ಟಿ ಖಾಲಿಯಾದ ಒಂದು ದಿನ ಯಾರದೋ ಟ್ರಂಕನ್ನು ಸ್ಟೇಶನ್ನಿಗೆ ಹೊತ್ತಳು. ಹಣ್ಣಿಗಿಂತ ಇದು ವಾಸಿ ಎನಿಸಿತು. ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಂದು ಖೋಲಿ ಹಿಡಿದು ಅಲ್ಲೇ ನಿಂತಳು.

ಅಕ್ಷರ ಬಾರದ ಈ ಹೆಂಗಸಿಗೆ ಜಿಲ್ಲೆಯ ದಾರಿಗಳೆಲ್ಲ ಬಾಯಿಪಾಠ. ಬೋರ್ಡು ಓದುತ್ತಿರಲಿಲ್ಲ, ಡ್ರೈವರನ ಮುಖ, ಗಾಡಿಯ ಮೈಮೇಲಿನ ತಗ್ಗು, ಬಂದು ನಿಲ್ಲುವ ಜಾಗ ನೋಡಿ ಇದು ಆಳಂದದ್ದು, ಇದು ಅಫಜಲಪುರದ್ದು ಎನ್ನುತ್ತಿದ್ದಳು. ಯಾವ ಗಾಡಿ ಕೆಟ್ಟರೆ ಯಾವ ಟೆಂಪೋ ಹಿಡಿಯಬೇಕು, ಯಾವ ಜೀಪಿನವನು ಹೆಂಗಸರಿದ್ದರೆ ಮರ್ಯಾದೆಯಿಂದ ಓಡಿಸುತ್ತಾನೆ, ಯಾವ ಆಟೋದವನನ್ನು ಹತ್ತಲೇಬಾರದು, ಎಲ್ಲ ಗೊತ್ತು. ಗಾಣಗಾಪುರಕ್ಕೆಂದು ಮಹಾರಾಷ್ಟ್ರದಿಂದ ಬರುವ ಭಕ್ತರಿಗೆ ಕನ್ನಡ ಬಾರದು, ಈಕೆಗೆ ಮರಾಠಿ ಬಾರದು. ನಮ್ಮ ಮನೆಯಲ್ಲಿ ಎರಡೂ ನಡೆಯುತ್ತಿದ್ದರಿಂದ ನಡುವೆ ನಿಂತು ಹೇಳುವ ಕೆಲಸ ನನಗೆ ಬಂತು. ಒಮ್ಮೆ ಲಾತೂರಿನ ಮುದುಕ ಮುದುಕಿಯನ್ನು ಒಬ್ಬ ಏಜೆಂಟ್ ಬೀದರದ ಟೆಂಪೋದಲ್ಲಿ ತುರುಕಿ, ಗಾಣಗಾಪುರಕ್ಕೇ ಹೋಗುತ್ತದೆ ಎಂದು ಹೇಳಿದ್ದ. ಭಾಗಮ್ಮ ಟೆಂಪೋದ ಮುಂದೆ ಅಡ್ಡ ನಿಂತು, ಅವರಿಬ್ಬರನ್ನೂ ಗಂಟು ಸಮೇತ ಇಳಿಸಿಕೊಂಡು, ಆ ಏಜೆಂಟನ ಮೂರು ತಲೆಮಾರನ್ನು ಜಾಲಾಡಿದಳು. ಅದನ್ನಷ್ಟು ನಾನು ಮರಾಠಿಗೆ ತಿರುಗಿಸಲಿಲ್ಲ. ಮುದುಕಿಗೆ ಅರ್ಥವಾಗಿತ್ತು ಎಂದು ಕಾಣುತ್ತದೆ, ಸೆರಗು ಬಾಯಿಗೆ ಹಿಡಿದು ನಕ್ಕಳು.

ಹೀಗೆ ಒಂಬತ್ತು ವರ್ಷ ನಡೆಯಿತು. ಯಾರಿಗೆ ಏನು ತೊಂದರೆಯಾಗಿತ್ತು?

ತೊಂದರೆಯಾದದ್ದು ಹಮಾಲರ ಸಂಘಕ್ಕೆ. ೧೯೯೩ರಲ್ಲಿ ಹೊಸದಾಗಿ ಹುಟ್ಟಿದ ಸಂಘ. ಅದಕ್ಕೊಬ್ಬ ಕಾರ್ಯದರ್ಶಿ, ದೌಲಪ್ಪ. ಆತ ತನ್ನ ಜನ್ಮದಲ್ಲಿ ಒಂದು ಚೀಲವನ್ನೂ ಹೊತ್ತವನಲ್ಲ. ಇಸ್ತ್ರಿಯ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಗೇಟಿನ ಬದಿಯ ಖೋಲಿಯಲ್ಲಿ ಒಂದು ಮೇಜು. ಹನ್ನೊಂದು ಮಂದಿಗೆ ಹಿತ್ತಾಳೆಯ ಬಿಲ್ಲೆ ಮಾಡಿಸಿ ತೋಳಿಗೆ ಕಟ್ಟಿಸಿದ. ಬಿಲ್ಲೆ ಇದ್ದವರು ಮಾತ್ರ ಗಾಡಿ ನಿಲ್ಲುವ ಕಟ್ಟೆಗೆ ಬರಬೇಕು, ಉಳಿದವರು ಗೇಟಿನ ಹೊರಗೆ ಎಂದು ಹೊಸ ಕಾಯಿದೆ ತಂದ. ಉಳಿದವರು ಎಂದರೆ ಯಾರು? ಭಾಗಮ್ಮ ಒಬ್ಬಳೇ. ಒಬ್ಬ ಹೆಂಗಸನ್ನು ಹೊರಗೆ ಹಾಕಲು ಹನ್ನೊಂದು ಬಿಲ್ಲೆ ಎರಕ ಹೊಯ್ಯಿಸಿದ ಬುದ್ಧಿವಂತ ಅವನು. ಮರುದಿನದಿಂದ ಸಂಘದ ಕಾವಲುಗಾರ ಲಾಠಿ ಹಿಡಿದು ಆಕೆಯನ್ನು ಗೇಟಿನಿಂದಲೇ ತಿರುಗಿಸಿ ಕಳಿಸತೊಡಗಿದ. ಆಕೆ ಈ ಬಾಗಿಲಿಂದ ಹೊರಗೆ ಹೋಗಿ ಆ ಬಾಗಿಲಿಂದ ಒಳಗೆ ಬರುತ್ತಿದ್ದಳು. ಒಂದು ದಿನ ಅವನು ಲಾಠಿಯನ್ನು ಆಕೆಯ ತಲೆಯ ಮೇಲಿನ ಗಂಟಿಗೆ ಬೀಸಿದ. ಗಂಟಿನಲ್ಲಿದ್ದ ಯಾರದೋ ಉಪ್ಪಿನಕಾಯಿಯ ಭರಣಿ ಒಡೆದು ಎಣ್ಣೆಯೆಲ್ಲ ಆಕೆಯ ಮುಖದ ಮೇಲೆ ಇಳಿಯಿತು. ಕಟ್ಟೆಯ ಮೇಲಿದ್ದ ಮಂದಿ ನಕ್ಕರು. ಅವರಲ್ಲಿ ಅರ್ಧ ಮಂದಿಯ ಹೆಂಡತಿಯರು ಇವಳು ಹಿಡಿದ ಸೀಟಿನಲ್ಲಿ ಕೂತು ತವರಿಗೆ ಹೋಗಿ ಬಂದವರು.

ಅಂದು ಸಂಜೆ ಆಕೆ ನನ್ನ ಹತ್ತಿರ ಬಂದು, ನನಗೂ ಒಂದು ಬಿಲ್ಲೆ ಬೇಕು, ಅರ್ಜಿ ಬರೆದುಕೊಡಿ ಎಂದಳು. ಒಂಬತ್ತು ವರ್ಷದಲ್ಲಿ ಆಕೆ ನನ್ನಲ್ಲಿ ಏನಾದರೂ ಕೇಳಿದ್ದು ಅದೇ ಮೊದಲು. ಶಾಲೆಯ ಒಳ್ಳೆಯ ಹಾಳೆಯ ಮೇಲೆ, ನನ್ನ ಅತ್ಯುತ್ತಮ ಅಕ್ಷರದಲ್ಲಿ ಬರೆದೆ. ಆಕೆ ಹೆಬ್ಬೆಟ್ಟು ಒತ್ತಿದಳು.

ದೌಲಪ್ಪ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಪರೀಕ್ಷೆ ಇದೆ ಎಂದ. ಜೋಳದ ಪೂರಾ ಚೀಲವನ್ನು ಗೇಟಿನಿಂದ ಹೊತ್ತು ತಂದು, ಏಣಿ ಹತ್ತಿ, ಬಸ್ಸಿನ ಮಾಡಿನ ಮೇಲೆ ಇಳಿಸಬೇಕು. ಉಳಿದ ಹನ್ನೊಂದು ಮಂದಿಗೆ ಈ ಪರೀಕ್ಷೆ ಮಾಡಿದ್ದಿಯಾ ಎಂದು ಕೇಳಿದೆ. ಅವರು ಹಳಬರು ಎಂದ. ಇವಳು ನಿನ್ನೆ ಬಂದವಳೇ? ಅವನು ಮೇಜಿನ ಖಾನೆ ಎಳೆದು ಏನನ್ನೋ ಹುಡುಕಿದ.

ಪರೀಕ್ಷೆಯ ದಿನ ನಾನು ಎಂಟರ ಗಾಡಿ ಬಿಟ್ಟು ನಿಂತೆ. ಸ್ಟ್ಯಾಂಡಿನ ಮಂದಿಯೆಲ್ಲ ತಮಾಷೆ ನೋಡಲು ನೆರೆದಿತ್ತು. ಹಮಾಲರಲ್ಲಿ ಹಿರಿಯನಾದ ಸಿಕಂದರ್, ನಾಲ್ಕನೇ ನಂಬರಿನ ಬಿಲ್ಲೆಯವನು, ಚೀಲವನ್ನು ಆಕೆಯ ತಲೆಗೆ ಎತ್ತಿಕೊಟ್ಟ. ಹೆಂಗಸು ಏಣಿ ಹತ್ತುವಾಗ ಕೆಳಗೆ ನಿಂತು ನೋಡುವವರಿಗೆ ನಾಚಿಕೆ ಬೇಕೆಂದು ಗದರಿಸಿ ಮಂದಿಯನ್ನು ಹತ್ತು ಮಾರು ಹಿಂದೆ ಸರಿಸಿದವನೂ ಅವನೇ. ಭಾಗಮ್ಮ ಕಚ್ಚೆ ಬಿಗಿದು, ಒಂದೊಂದೇ ಮೆಟ್ಟಿಲು ಹತ್ತಿದಳು. ನಾಲ್ಕನೇ ಮೆಟ್ಟಿಲಲ್ಲಿ ಕತ್ತು ನಡುಗಿತು. ಆಕೆ ನಿಂತಲ್ಲೇ ನಿಂತು ಎರಡು ಸಲ ಉಸಿರೆಳೆದುಕೊಂಡು ಮೇಲೆ ಹೋದಳು, ಚೀಲವನ್ನು ದಡ್ಡೆಂದು ಒಗೆಯದೆ ಕೂಸನ್ನು ಮಲಗಿಸಿದ ಹಾಗೆ ಮೆಲ್ಲಗೆ ಇಳಿಸಿದಳು. ಕೆಳಗೆ ಬಂದಾಗ ಯಾರೂ ನಗಲಿಲ್ಲ.

ಇಷ್ಟಾದ ಮೇಲೆ ಮುಗಿಯಬೇಕಲ್ಲವೇ? ಮುಗಿಯಲಿಲ್ಲ. ದೌಲಪ್ಪ ಇನ್ನೊಂದು ಕಾಗದ ತೆಗೆದ. ಗಂಡನ ಒಪ್ಪಿಗೆ ಪತ್ರ ಬೇಕಂತೆ.

“ನಾಳಿ ಅವ ಬಂದು, ನನ್ನ ಹೇಣ್ತಿಗಿ ಮೂಟಿ ಹೊರಿಸ್ತೀರೇನು ಅಂತ ಕೇಳಿದ್ರ ನಾ ಏನ್ ಹೇಳ್ಲಿರಿ ಬಾಯಾರ? ಕಾಯಿದಾ ಅಂದ್ರ ಕಾಯಿದಾ.”

ಹನ್ನೆರಡು ವರ್ಷದಿಂದ ಹೆಂಡತಿ ಉಂಡಳೋ ಉಪವಾಸವಿದ್ದಳೋ ಎಂದು ಕೇಳದ ಗಂಡ ಬಂದು ದೌಲಪ್ಪನನ್ನು ಕೇಳುತ್ತಾನಂತೆ! ಸಿಕಂದರ್ ತನ್ನ ಹೆಂಡತಿ ಇಕ್ಬಾಲ್ ಬೇಗಂಳ ಒಪ್ಪಿಗೆ ಪತ್ರ ತಂದಿದ್ದಾನೆಯೇ ಎಂದು ನಾನು ಕೇಳಿದೆ. ಖೋಲಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಾನು ನಗೆಚಾಟಿಕೆಗೆ ಕೇಳಿರಲಿಲ್ಲ.

ಇದಕ್ಕೊಂದು ಸುಲಭದ ಹಾದಿ ಇದೆ ಎಂದು ಸ್ಟ್ಯಾಂಡಿನಲ್ಲಿ ಎಲ್ಲರೂ ಹೇಳತೊಡಗಿದರು. ಗಂಡ ಸತ್ತಿದ್ದಾನೆ ಎಂದು ಕೋರ್ಟಿನ ಮುಂದೆ ಕೂಡುವ ಬರಹಗಾರನಿಂದ ಒಂದು ಪ್ರಮಾಣಪತ್ರ ಮಾಡಿಸಿದರೆ ಆಯಿತು, ವಿಧವೆಗೆ ಯಾರ ಒಪ್ಪಿಗೆಯೂ ಬೇಡ. ನಾನೂ ಅದನ್ನೇ ಹೇಳಿದೆ. ಇದ್ದರೂ ಸತ್ತ ಹಾಗೆಯೇ ಅಲ್ಲವೇ ಎಂದೆ. ಭಾಗಮ್ಮ ಕಟ್ಟೆಯ ಹೊರಗೆ ಗೋಡೆಗೆ ಒರಗಿ ಕೂತಿದ್ದಳು.

“ಬ್ಯಾಡ್ರಿ ಬಾಯಾರ. ಚೀಲ ಹೊತ್ತಾಕಿ ನಾನು. ಅವ ಸತ್ತಾನಂತ ಬಿಲ್ಲಾ ತಗೊಂಡ್ರೂ ಅವನ ಕಡಿಂದ ತಗೊಂಡಂಗ ಆಯ್ತು, ಇದ್ದಾನಂತ ತಗೊಂಡ್ರೂ ಅಷ್ಟ. ಇದ್ರಾಗ ಅವನ ಹೆಸರು ತರಬ್ಯಾಡ್ರಿ.”

ಇಷ್ಟು ಸ್ಪಷ್ಟವಾಗಿ ಹೇಳಿದ್ದಳು. ನನ್ನ ಎದುರಿಗೆ, ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದಳು. ನಾನು ಕಿವುಡಿಯಲ್ಲ.

ಆದರೆ ನನಗೆ ದೌಲಪ್ಪನ ಸೊಕ್ಕು ಮುರಿಯಬೇಕಿತ್ತು. ಒಪ್ಪಿಗೆ ಪತ್ರ ತಾನೇ ಬೇಕು ಅವನಿಗೆ? ಅದನ್ನೇ ತಂದು ಅವನ ಮೇಜಿನ ಮೇಲೆ ಬಡಿಯಬೇಕು, ಆಮೇಲೆ ಇನ್ನೇನು ನೆಪ ಹೇಳುತ್ತಾನೆ ನೋಡಬೇಕು. ನನ್ನ ತಮ್ಮ ಬಂಡು ಸೊಲ್ಲಾಪುರದಲ್ಲಿ ಪೋಸ್ಟಾಫೀಸಿನ ನೌಕರ, ಗಿರಣಿಯ ಕೇರಿಗಳ ಮನೆಮನೆ ಬಲ್ಲವನು. ಮಹಾಗಾಂವದ ಸಾಯಬಣ್ಣ ಎಂಬವನನ್ನು ಹುಡುಕಿ ಒಂದು ಕಾಗದದ ಮೇಲೆ ಸಹಿ ತರಿಸು ಎಂದು ಅವನಿಗೆ ಬರೆದೆ. ಭಾಗಮ್ಮನಿಗೆ ಹೇಳಲಿಲ್ಲ. ಕೆಲಸವಾದ ಮೇಲೆ ಹೇಳಿದರಾಯಿತು, ಆಗ ಸಂತೋಷಪಡುತ್ತಾಳೆ ಎಂದುಕೊಂಡೆ. ಪಾಠ ಹೇಳಿ ಹೇಳಿ ನಮ್ಮಂಥವರಿಗೆ ಒಂದು ರೋಗ ಬಂದಿರುತ್ತದೆ, ಎದುರಿಗಿದ್ದವರಿಗೆ ಏನು ಬೇಕೆಂಬುದು ಅವರಿಗಿಂತ ನಮಗೇ ಚೆನ್ನಾಗಿ ಗೊತ್ತು ಎಂಬ ರೋಗ.

ಮೂರು ವಾರಕ್ಕೆ ಬಂಡುವಿನ ಉತ್ತರ ಬಂತು. ಸಾಯಬಣ್ಣ ಸಿಕ್ಕಿದ್ದಾನೆ. ಗಿರಣಿಯ ಕೆಲಸ ಹೋಗಿ ವರ್ಷವಾಗಿದೆ, ಒಂದು ಹೋಟೆಲಿನ ಮುಂದೆ ಕೂತಿರುತ್ತಾನೆ. ಬಿಲ್ಲೆ, ಸಂಘ, ಕಾಯಂ ಜಾಗ ಎಂದೆಲ್ಲ ವಿವರಿಸಿದ ಮೇಲೆ ಬಹಳ ಆಸ್ಥೆಯಿಂದ ಕೇಳಿದ. ಸಹಿ ಯಾಕೆ, ತಾನೇ ಬಂದು ಒಪ್ಪಿಗೆ ಕೊಡುತ್ತೇನೆ ಎಂದಿದ್ದಾನೆ. ಸೋಮವಾರದ ಪ್ಯಾಸೆಂಜರ್ ರೈಲಿಗೆ ಕೂಡಿಸಿ ಕಳಿಸುತ್ತೇನೆ ಎಂದು ಬಂಡು ಬರೆದಿದ್ದ. ಇದನ್ನು ಓದಿ ನನಗೆ ಗಾಬರಿಯಾಗಬೇಕಿತ್ತು. ನಾನು ಹಿಗ್ಗಿದೆ. ಗಂಡನೇ ಬಂದು ಬಾಯಿಬಿಟ್ಟು ಹೇಳಿದರೆ ದೌಲಪ್ಪ ಎಲ್ಲಿ ಹೋಗುತ್ತಾನೆ ಎಂದುಕೊಂಡೆ.

ಸೋಮವಾರ ಅರ್ಧ ದಿನದ ರಜೆ ಹಾಕಿ ಸಂಘದ ಖೋಲಿಗೆ ಹೋದೆ. ಸಾಯಬಣ್ಣ ಅದಾಗಲೇ ಬಂದು ಕುರ್ಚಿಯ ಮೇಲೆ ಕೂತಿದ್ದ. ಬಿಳಿ ಟೊಪ್ಪಿಗೆ, ಎಣ್ಣೆ ಹಚ್ಚಿದ ಮೀಸೆ. ದೌಲಪ್ಪ ಅವನಿಗೆ ಚಹಾ ತರಿಸಿದ್ದ. ಒಂಬತ್ತು ವರ್ಷ ಹೊರೆ ಹೊತ್ತ ಭಾಗಮ್ಮನಿಗೆ ಆ ಖೋಲಿಯಲ್ಲಿ ಒಂದು ದಿನವೂ ಕೂಡು ಎಂದವರಿಲ್ಲ. ನಾನು ಸಿಕಂದರನನ್ನು ಕಳಿಸಿ ಆಕೆಯನ್ನು ಕರೆಸಿದೆ. ಬಾಗಿಲಲ್ಲಿ ಬಂದು ನಿಂತ ಆಕೆ ಮೊದಲು ಕುರ್ಚಿಯತ್ತ ನೋಡಿದಳು, ಆಮೇಲೆ ನನ್ನತ್ತ. ಗಂಡ, ಹೇಗಿದ್ದೀ ಎಂದು ಕೇಳಿದ. ಆಕೆ ಬಾಗಿಲಿನಿಂದ ಒಳಗೆ ಹೆಜ್ಜೆಯನ್ನೂ ಇಡಲಿಲ್ಲ.

ಇಗೋ ಗಂಡ, ಇಗೋ ಒಪ್ಪಿಗೆ, ಇನ್ನು ಬಿಲ್ಲೆ ಕೊಡು ಎಂದೆ ನಾನು. ದೌಲಪ್ಪ ಖಾನೆಯಿಂದ ಹನ್ನೆರಡನೇ ನಂಬರಿನ ಬಿಲ್ಲೆ ತೆಗೆದ. ಹೊಸ ಹಿತ್ತಾಳೆ, ಫಳಫಳ ಹೊಳೆಯುತ್ತಿತ್ತು. ಎದ್ದುನಿಂತು, ಮೇಜಿನ ಈ ಕಡೆ ಬಂದು, ಅದನ್ನು ಸಾಯಬಣ್ಣನ ತೋಳಿಗೆ ಕಟ್ಟಿದ.

ಇದೇನು ಮಾಡುತ್ತಿದ್ದೀ ಎಂದು ಕೂಗಿದೆ. ದೌಲಪ್ಪ ಬಹಳ ಸಮಾಧಾನದಿಂದ ಹೇಳಿದ: ಒಂದು ಮನೆಗೆ ಒಂದೇ ಬಿಲ್ಲೆ. ಮನೆಯ ಯಜಮಾನ ಬಂದ ಮೇಲೆ ಹೆಂಗಸಿನ ಹೆಸರಿಗೆ ಕೊಡುವುದು ಯಾಕೆ? ಇಲ್ಲಿಯವರೆಗೆ ಆಕೆ ಪಟ್ಟ ಕಷ್ಟ ಸಾಕು, ಇನ್ನು ಮನೆಯಲ್ಲಿ ಸುಖವಾಗಿರಲಿ. ಸಾಯಬಣ್ಣ ತೋಳು ತಿರುಗಿಸಿ ಬಿಲ್ಲೆಯನ್ನು ನೋಡಿಕೊಂಡ. ಅವನಿಗೆ ಮೊದಲೇ ಈ ಮಾತು ತಿಳಿದಿತ್ತು ಎಂಬುದು ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಬರುವ ಮೊದಲೇ ಚಹಾದ ಜೊತೆಗೆ ಎಲ್ಲ ಮುಗಿದಿತ್ತು.

ಸಿಕಂದರನಿಗೆ ತಡೆಯಲಾಗಲಿಲ್ಲ.

“ಚೀಲ ಹೊತ್ತಾಕಿ ಆಕಿ, ಬಿಲ್ಲಾ ಇವಗ ಹ್ಯಾಂಗ? ಇವನೂ ಪರೀಕ್ಷಾ ಕೊಡ್ಲಿ. ಹೊರಲಿ ನೋಡಾಮು, ಆ ಪೂರಾ ಚೀಲ.”

“ಪರೀಕ್ಷಾ ಅವರ ಮನ್ಯಾಗ ಪಾಸಾಗ್ಯಾದಲ್ಲೋ” ಎಂದ ದೌಲಪ್ಪ. “ಒಂದ ಮನಿಗಿ ಎಷ್ಟು ಸಲ ಮಾಡೂದು?”

ಆಕೆಯ ಕತ್ತು ನಡುಗಿದ್ದು, ಆಕೆ ನಾಲ್ಕನೇ ಮೆಟ್ಟಿಲಲ್ಲಿ ಉಸಿರೆಳೆದುಕೊಂಡದ್ದು, ಎಲ್ಲ ಅವನ ಖಾತೆಗೆ ಹೋಯಿತು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕೋರ್ಟಿಗೆ ಹೋಗುತ್ತೇನೆ ಅಂದೆ, ಪೇಪರಿಗೆ ಬರೆಯುತ್ತೇನೆ ಅಂದೆ, ಮೇಜು ಬಡಿದೆ, ಬಳೆ ಎರಡು ಒಡೆದವು. ತಿರುಗಿ ನೋಡಿದರೆ ಬಾಗಿಲಲ್ಲಿ ಭಾಗಮ್ಮ ಇರಲಿಲ್ಲ.

ಅದಾದ ಮೇಲೆ ನಾನು ಕಣ್ಣಾರೆ ಕಂಡದ್ದನ್ನು ಹೇಳಿದರೆ ನೀವು ನಂಬಲಿಕ್ಕಿಲ್ಲ. ಸಾಯಬಣ್ಣ ಸ್ಟ್ಯಾಂಡಿನ ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂತ. ಭಾಗಮ್ಮ ಹೊರೆ ಹೊತ್ತಳು. ಕಾವಲುಗಾರ ಈಗ ಆಕೆಯನ್ನು ತಡೆಯಲಿಲ್ಲ. ಯಾಕೆಂದರೆ ಆಕೆ ಹನ್ನೆರಡನೇ ನಂಬರಿನವನ ಹೆಂಡತಿ. ಗಲ್ಲಿಯ ಖೋಲಿಯಲ್ಲಿ ಅವನ ಟ್ರಂಕು ಬಂದು ಕೂತಿತ್ತು. ಪರಊರಿನವರು ಗಾಣಗಾಪುರದ ಗಾಡಿ ಎಲ್ಲಿ ಎಂದು ಆಕೆಯನ್ನು ಕೇಳಲು ಬಂದರೆ ಅವನು ಕೂತಲ್ಲಿಂದಲೇ, ಇಲ್ಲಿ ಬರ್ರಿ, ನಾ ಹೇಳ್ತೀನಿ ಎಂದು ಕರೆಯುತ್ತಿದ್ದ. ಊರಿಗೆ ಬಂದು ನಾಲ್ಕು ದಿನವಾಗಿಲ್ಲ, ದಾರಿ ಹೇಳುತ್ತಾನೆ! ಪಂಢರಪುರದ ಕಡೆಯ ಒಂದು ಸಂಸಾರವನ್ನು ಗಾಣಗಾಪುರಕ್ಕೆ ಹೋಗುವ ಅಫಜಲಪುರದ ಗಾಡಿಯ ಬದಲು ಆಳಂದದ ಗಾಡಿಗೆ ಹತ್ತಿಸಿದ. ಅವರ ಜೊತೆ ಕುರುಡಿ ಅಜ್ಜಿಯೊಬ್ಬಳಿದ್ದಳು. ಭಾಗಮ್ಮ ಅದನ್ನು ನೋಡಿದಳು. ಗಾಡಿಯ ಹಿಂದೆ ಗೇಟಿನ ತನಕ ಓಡಿದಳು, ಅದು ನಿಲ್ಲಲಿಲ್ಲ. ಹಾಗೆ ಓಡಿದವಳು ಸ್ಟ್ಯಾಂಡಿಗೆ ತಿರುಗಿ ಬರಲಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ.

ನಾನು ಮೂರು ಪತ್ರಿಕೆಗಳಿಗೆ ಬರೆದೆ. ಒಂದರಲ್ಲಿ ‘ಹಮಾಲರ ಸಮಸ್ಯೆ’ ಎಂಬ ತಲೆಬರಹದಡಿ ಎಂಟು ಸಾಲು ಬಂತು, ಅದರಲ್ಲಿ ಭಾಗಮ್ಮನ ಹೆಸರೇ ಇರಲಿಲ್ಲ. ಸಂಘದ ಅಧ್ಯಕ್ಷರನ್ನು ಕಂಡೆ. ಗಂಡಹೆಂಡಿರ ನಡುವೆ ನಾವು ಬರಬಾರದು ಎಂದರು. ಆ ಗಂಡನನ್ನು ಕಾಗದ ಬರೆಸಿ ಎಳೆದು ತರಿಸಿದಾಗ ನಡುವೆ ಬಂದಿರಲಿಲ್ಲವೇ? ಹಾಗೆಂದು ಅವರನ್ನು ಬೈದು ಮೆಟ್ಟಿಲಿಳಿಯುವಾಗ ಎಳೆದು ತರಿಸಿದವಳು ನಾನೇ ಎಂಬುದು ನೆನಪಾಗಿ ಮುಖಕ್ಕೆ ಹೊಡೆದ ಹಾಗಾಯಿತು.

ಎರಡು ತಿಂಗಳ ಮೇಲೆ, ಶಾಲೆ ಬಿಟ್ಟು ಕಮಲಾಪುರದ ಕ್ರಾಸಿಗೆ ಬಂದಾಗ ಆಕೆ ಕಂಡಳು. ಕೆಂಪು ಬಾಳೆಹಣ್ಣಿನ ಬುಟ್ಟಿಗಳನ್ನು ಜೀಪಿನ ಮೇಲೆ ಎತ್ತಿಡುತ್ತಿದ್ದಳು. ಕಲಬುರಗಿಯ ಖೋಲಿಯನ್ನು ಅವನಿಗೇ ಬಿಟ್ಟು ಮಹಾಗಾಂವಕ್ಕೆ ಹೋಗಿದ್ದಾಳೆಂದು, ಅಲ್ಲಿಂದ ದಿನಾ ಬೆಳಿಗ್ಗೆ ಟೆಂಪೋದಲ್ಲಿ ಇಲ್ಲಿಗೆ ಬರುತ್ತಾಳೆಂದು ಬಾಳೆಹಣ್ಣಿನವಳು ಹೇಳಿದಳು. ಕ್ರಾಸಿನಲ್ಲಿ ಸಂಘವಿರಲಿಲ್ಲ, ಕಟ್ಟೆ ಇರಲಿಲ್ಲ, ನೆರಳೂ ಇರಲಿಲ್ಲ. ಕಲಬುರಗಿಯಲ್ಲಿ ತಾಸಿಗೆ ಆರು ಗಾಡಿ ಬಂದರೆ ಇಲ್ಲಿ ಒಂದು. ಒಂಬತ್ತು ವರ್ಷ ಕಲಿತ ದಾರಿಗಳಲ್ಲಿ ಇಲ್ಲಿ ಕೆಲಸಕ್ಕೆ ಬರುವುದು ಎರಡೇ, ಬೀದರದ ಕಡೆಗೊಂದು, ಕಲಬುರಗಿಯ ಕಡೆಗೊಂದು. ಆಕೆಯ ತೋಳಿನ ಎಲುಬು ಎದ್ದು ಕಾಣುತ್ತಿತ್ತು.

ನಾನು ಹತ್ತಿರ ಹೋದೆ. ಆಕೆ ಬುಟ್ಟಿಯ ಹಗ್ಗ ಬಿಗಿಯುತ್ತಿದ್ದಳು, ತಿರುಗಲಿಲ್ಲ. ನಾನೇ ಮಾತು ತೆಗೆದೆ. ದೌಲಪ್ಪನನ್ನು ಬೈದೆ, ಸಾಯಬಣ್ಣನನ್ನು ಬೈದೆ, ಕಾವಲುಗಾರನನ್ನು, ಪೇಪರಿನವರನ್ನು, ಅಧ್ಯಕ್ಷರನ್ನು ಬೈದೆ. ಬೈಯಲು ಯಾರೂ ಉಳಿಯದಾದಾಗ, ನಿನ್ನ ಒಳ್ಳೆಯದಕ್ಕೇ ಮಾಡಿದೆ ಕಣೇ, ಆ ಒಪ್ಪಿಗೆ ಪತ್ರ ಒಂದು ಸಿಕ್ಕರೆ ಬಿಲ್ಲೆ ನಿನ್ನದಾಗುತ್ತದೆ ಎಂದು ಮಾಡಿದೆ ಎಂದೆ. ಆಕೆ ಗಂಟು ಹಾಕಿ ಮುಗಿಸಿ, ಕೈ ಒರೆಸಿಕೊಂಡು, ಆಗ ನನ್ನತ್ತ ತಿರುಗಿದಳು. ಸಿಟ್ಟಿನಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

“ದೌಲಪ್ಪನೂ ಅವನ ಒಪ್ಪಿಗಿ ಕೇಳಿದ, ನೀವೂ ಅವನ ಒಪ್ಪಿಗಿ ಕೇಳಿದ್ರಿ. ಸೊಲ್ಲಾಪುರಕ ಚೀಟಿ ಬರಿಯೂ ಮುಂದ ನನಗೊಂದು ಮಾತ ಕೇಳಿದ್ರೇನ್ರಿ ಬಾಯಾರ?”